ಯಾರ ಜೊತೆಗೂ ಮಾತಾಡಬೇಕಿಲ್ಲದ ಕೆಲಸ

(ಜನರೊಡನೆ ಬೆರೆಯಲು ಹಿಂಜರಿಯುವವರಿಗಾಗಿ ನಡೆದ ಉದ್ಯೋಗ ಮಾರ್ಗದರ್ಶನದ ಒಂದು ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಶುರು ಮಾಡುವ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಇವತ್ತು ಇಲ್ಲಿ ಯಾರನ್ನೂ ಎಬ್ಬಿಸಿ ಹೆಸರು ಕೇಳುವುದಿಲ್ಲ. ಪಕ್ಕದವರ ಪರಿಚಯ ಮಾಡಿಕೊಳ್ಳಿ ಅಂತಲೂ ಹೇಳುವುದಿಲ್ಲ. ಪ್ರಶ್ನೆ ಇದ್ದರೆ ಚೀಟಿಯಲ್ಲಿ ಬರೆದು ಬಾಗಿಲ ಹತ್ತಿರ ಇಟ್ಟಿರುವ ಡಬ್ಬಿಗೆ ಹಾಕಿ, ಹೆಸರು ಬೇಡ. ಮಧ್ಯದಲ್ಲಿ ಎದ್ದು ಹೋಗಬೇಕು ಅನಿಸಿದರೆ ಹೋಗಿಬನ್ನಿ. ಯಾರಾದರೂ ಎದ್ದರೆ ತಿರುಗಿ ನೋಡಬೇಡಿ ಅಂತ ಮುಂದಿನ ಸಾಲಿನವರನ್ನು ಈಗಲೇ ಕೇಳಿಕೊಳ್ಳುತ್ತೇನೆ.

ಹಿಂದಿನ ಸಾಲು ಮೊದಲು ತುಂಬಿತು. ನನ್ನ ತಮ್ಮ ಬಂದಿದ್ದರೆ ಅವನೂ ಅಲ್ಲೇ ಕೂರುತ್ತಿದ್ದ, ಬಾಗಿಲಿಗೆ ಹತ್ತಿರದ ಕುರ್ಚಿಯಲ್ಲಿ. ನಾನು ಈ ಕೆಲಸಕ್ಕೆ ಬಂದಿದ್ದೇ ಅವನಿಂದ. ಅವನ ಕತೆ ಹೇಳಲು ಅವನ ಒಪ್ಪಿಗೆ ಕೇಳಿದ್ದೇನೆ. 'ಹೆಸರು ಹೇಳಬೇಡ, ಉಳಿದದ್ದು ಹೇಳು' ಅಂದ.

ಓದು ಮುಗಿದ ಮೇಲೆ ಅವನಿಗೆ ಒಂದು ಆಫೀಸಿನಲ್ಲಿ ಕೆಲಸ ಸಿಕ್ಕಿತು. ದೊಡ್ಡ ಹಾಲ್, ಸಾಲಾಗಿ ಮೇಜುಗಳು. ಕೆಲಸ ಕಲಿಸುವವರು ಅವನ ಬೆನ್ನ ಹಿಂದೆ ನಿಂತು ಪರದೆ ನೋಡುತ್ತಿದ್ದರು. ಎಲ್ಲಿ ತಪ್ಪಾಗುತ್ತೋ ಅನ್ನುವ ಗಾಬರಿಯಲ್ಲೇ ತಪ್ಪುಗಳಾಗುತ್ತಿದ್ದವು. ಒಂದು ದಿನ ಮೇಲಿನವರು ಎಲ್ಲರ ಮುಂದೆ, 'ಇವನಿಗೆ ಬಾಯಿ ಇದೆಯೋ ಇಲ್ಲವೋ' ಅಂದರು. ಹಾಲ್ ನಕ್ಕಿತು. ಮರುದಿನದಿಂದ ಅವನು ಹೋಗಲಿಲ್ಲ.

ಆಗ ನಾವು ಮನೆಯವರೆಲ್ಲ ಸೇರಿ ಒಂದು ತೀರ್ಮಾನಕ್ಕೆ ಬಂದೆವು. ಇವನಿಗೆ ಜನರೇ ಇಲ್ಲದ ಕೆಲಸ ಬೇಕು. ಮನೆಯಲ್ಲೇ ಕಂಪ್ಯೂಟರ್ ಇಟ್ಟುಕೊಂಡು ಡಿಟಿಪಿ ಮಾಡಲಿ. ಪುಟ ಜೋಡಿಸುವುದು, ಅಕ್ಷರ ತಿದ್ದುವುದು ಅವನಿಗೆ ಹೇಳಿ ಮಾಡಿಸಿದ ಹಾಗಿತ್ತು. ಕೆಲಸವೂ ಬಂತು, ಎಲ್ಲರೂ ಹೊಗಳಿದರು. ಆದರೆ ಹಣ ಬರಲಿಲ್ಲ.

ಒಂದು ಮಧ್ಯಾಹ್ನ ಅವನ ಕೋಣೆಗೆ ಹೋದೆ. ಮೇಜಿನ ಮೇಲೆ ಒಂದು ಹಾಳೆ ಇತ್ತು. ಅದರಲ್ಲಿ, 'ನಮಸ್ಕಾರ ಸರ್, ನಾನು ಪುಸ್ತಕದ ಕೆಲಸ ಮಾಡಿಕೊಟ್ಟಿದ್ದೆನಲ್ಲ' ಅಂತ ಬರೆದು ಹೊಡೆದು ಹಾಕಿದ್ದ. ಕೆಳಗೆ, 'ನಮಸ್ಕಾರ ಸರ್, ಈಗ ಬಿಡುವಾಗಿದ್ದೀರಾ' ಅಂತ ಬರೆದು ಅದನ್ನೂ ಹೊಡೆದು ಹಾಕಿದ್ದ. ಹೀಗೆ ಏಳೆಂಟು ಸಾಲು. ಬಾಕಿ ಹಣ ಕೇಳಲು ಒಂದು ಫೋನ್ ಮಾಡಬೇಕಿತ್ತು, ಅಷ್ಟೇ. ಫೋನ್ ಪಕ್ಕದಲ್ಲೇ ಮಗುಚಿ ಬಿದ್ದಿತ್ತು. 'ಬೆಳಗ್ಗೆಯಿಂದ ಇದನ್ನೇ ಮಾಡ್ತಿದೀನಿ' ಅಂದ. ಆ ಹಾಳೆಯನ್ನು ನಾನು ಇವತ್ತಿಗೂ ಮರೆತಿಲ್ಲ.

ನಾವು ಎಡವಿದ್ದು ಎಲ್ಲಿ ಅಂತ ಆಮೇಲೆ ಅರ್ಥವಾಯಿತು. ಮನೆಯಿಂದ ಸ್ವಂತವಾಗಿ ಕೆಲಸ ಮಾಡುವುದು ಅಂದರೆ ಜನರಿಲ್ಲದ ಕೆಲಸ ಅಂದುಕೊಂಡಿದ್ದೆವು. ನಿಜವಾಗಿ ಅದರಲ್ಲಿ ಗಿರಾಕಿ ಹುಡುಕುವುದು, ರೇಟ್ ಹೇಳುವುದು, ಚೌಕಾಸಿಗೆ ಉತ್ತರ ಕೊಡುವುದು, ಬಾಕಿ ಕೇಳುವುದು, ಎಲ್ಲವೂ ಒಬ್ಬನ ತಲೆಯ ಮೇಲೇ. ಆಫೀಸಿನಲ್ಲಿ ನಾಲ್ಕು ಜನ ಹಂಚಿಕೊಳ್ಳುವ ಮಾತನ್ನು ಅವನೊಬ್ಬನೇ ಆಡಬೇಕಿತ್ತು. ಮಾತಿಗೆ ಹೆದರುವವನಿಗೆ ನಾವು ಜಾಸ್ತಿ ಮಾತಿನ ಕೆಲಸವನ್ನೇ ಹುಡುಕಿಕೊಟ್ಟಿದ್ದೆವು.

ಈಗ ಅವನು ಒಂದು ಗ್ರಂಥಾಲಯದಲ್ಲಿದ್ದಾನೆ. ಹೊಸ ಪುಸ್ತಕಗಳ ವಿವರ ದಾಖಲಿಸುವುದು, ಬೆನ್ನಿಗೆ ಲೇಬಲ್ ಅಂಟಿಸುವುದು, ಕಿತ್ತುಹೋದ ಹೊಲಿಗೆ ಸರಿಮಾಡುವುದು. ಇದರ ಜೊತೆಗೆ ದಿನಕ್ಕೆ ಎರಡು ಗಂಟೆ ಪುಸ್ತಕ ವಾಪಸ್ ತೆಗೆದುಕೊಳ್ಳುವ ಕೌಂಟರ್‌ನಲ್ಲಿ ಕೂರುತ್ತಾನೆ. ಹೌದು, ಜನರ ಎದುರೇ. ಅಲ್ಲಿ ಅವನಿಗೆ ತೊಂದರೆ ಇಲ್ಲ. ಬಂದವರು ಏನು ಕೇಳುತ್ತಾರೆ ಅಂತ ಗೊತ್ತು, ತಾನು ಏನು ಹೇಳಬೇಕು ಅಂತಲೂ ಗೊತ್ತು. ಅರ್ಧ ನಿಮಿಷಕ್ಕೆ ಮಾತು ಮುಗಿಯುತ್ತದೆ. ಅವನಿಗೆ ಕಷ್ಟ ಆಗುವುದು ಊಟದ ಬಿಡುವಿನಲ್ಲಿ, 'ಮತ್ತೆ, ಏನು ಸಮಾಚಾರ' ಅಂದಾಗ. ಯಾಕೆಂದರೆ ಆ ಪ್ರಶ್ನೆಗೆ ಸರಿಯಾದ ಉತ್ತರ ಅಂತ ಒಂದಿಲ್ಲ.

ಅದಕ್ಕೇ ನಾನು ಹೇಳುವುದು ಇಷ್ಟು. 'ಜನರಿಲ್ಲದ ಕೆಲಸ ಯಾವುದು' ಅಂತ ಹುಡುಕಬೇಡಿ. 'ನನಗೆ ಯಾವ ಥರದ ಒಡನಾಟ ಭಾರ, ಯಾವುದು ಪರವಾಗಿಲ್ಲ' ಅಂತ ಹುಡುಕಿ. ಕೆಲಸದ ಹೆಸರಲ್ಲಿ ಏನೂ ಇಲ್ಲ, ಅದರ ಒಂದು ದಿನ ಹೇಗಿರುತ್ತದೆ ಅನ್ನುವುದರಲ್ಲಿ ಎಲ್ಲ ಇದೆ.

ಒಡನಾಟ ಅಂದರೆ ಒಂದೇ ಮುದ್ದೆ ಅಲ್ಲ. ಕೆಲವರಿಗೆ ಹೊಸಬರು ಕಷ್ಟ. ಇನ್ನು ಕೆಲವರಿಗೆ ಹೊಸಬರು ಸಲೀಸು, ದಿನಾ ಮುಖ ನೋಡುವವರೇ ಕಷ್ಟ, ಏಕೆಂದರೆ ಅವರು ನಿನ್ನೆಯ ತಪ್ಪನ್ನು ನೆನಪಿಟ್ಟಿರುತ್ತಾರೆ ಅನ್ನುವ ಭಯ. ಬರೆದು ಉತ್ತರಿಸಲು ಬಿಟ್ಟರೆ ಪುಟಗಟ್ಟಲೆ ಬರೆಯುವವರು ಫೋನ್ ರಿಂಗಾದರೆ ಬೆವರುತ್ತಾರೆ. ಫೋನ್ ಹೇಳದೆ ಕೇಳದೆ ಬರುತ್ತದಲ್ಲ, ಅದೇ ತೊಂದರೆ. ಕೆಲವರು ಹತ್ತು ಜನರ ಮುಂದೆ ವಿಷಯ ಮಂಡಿಸಬಲ್ಲರು, ಆದರೆ ಒಂದು ದಿನದ ರಜೆ ಕೇಳಲಾರರು. ಕೇಳಿಕೊಳ್ಳುವುದೇ ಬೇರೆ ಭಾರ. ಒಪ್ಪಿಸಿ ಮಾರುವುದು ಇನ್ನೊಂದು.

1987ರಲ್ಲಿ ಮೈಕೆಲ್ ಲೀಬೊವಿಟ್ಜ್ ಎಂಬ ಮನೋವೈದ್ಯರು ಜನರೆದುರಿನ ಭಯವನ್ನು ಅಳೆಯಲು 24 ಸನ್ನಿವೇಶಗಳ ಒಂದು ಪಟ್ಟಿ ಮಾಡಿದರು. ಬೇರೆಯವರ ಮುಂದೆ ಫೋನ್ ಮಾಡುವುದು, ನಾಲ್ಕು ಜನರೆದುರು ಊಟ ಮಾಡುವುದು, ಯಾರೋ ನೋಡುತ್ತಿರುವಾಗ ಕೆಲಸ ಮಾಡುವುದು, ಕೊಂಡ ವಸ್ತುವನ್ನು ಅಂಗಡಿಗೆ ವಾಪಸ್ ಕೊಡುವುದು, ಹೀಗೆ. ವೈದ್ಯರು ಇವತ್ತಿಗೂ ಅದನ್ನು ಬಳಸುತ್ತಾರೆ. ಅದರಲ್ಲಿ ನನಗೆ ಬಹಳ ಇಷ್ಟವಾದದ್ದು ಒಂದಿದೆ. ಪ್ರತಿ ಸನ್ನಿವೇಶಕ್ಕೂ ಎರಡು ಅಂಕ ಕೊಡಬೇಕು. ಎಷ್ಟು ಭಯ ಅನ್ನುವುದಕ್ಕೆ ಒಂದು, ಎಷ್ಟು ತಪ್ಪಿಸಿಕೊಳ್ಳುತ್ತೀರಿ ಅನ್ನುವುದಕ್ಕೆ ಇನ್ನೊಂದು. ಎರಡೂ 0ರಿಂದ 3.

ಭಯ 3, ತಪ್ಪಿಸಿಕೊಳ್ಳುವುದು 0 ಅಂತ ಬರೆಯುವವರಿದ್ದಾರೆ. ಹೆದರಿಕೊಂಡೇ ಹೋಗಿ ಮಾಡಿ ಬರುವವರು ಅವರು. ಉದ್ಯೋಗ ಹುಡುಕುವಾಗ ನಾನು ಮೊದಲು ನೋಡುವುದು ಆ ಸಾಲುಗಳನ್ನು. ಅಲ್ಲಿ ಆ ವ್ಯಕ್ತಿಯ ಶಕ್ತಿ ಕಾಣುತ್ತದೆ. ರೋಗ ಇದೆಯೋ ಇಲ್ಲವೋ ಅಂತ ಮನೆಯಲ್ಲಿ ಅಂಕ ಕೂಡಿಸಿ ತೀರ್ಮಾನ ಮಾಡಬೇಡಿ, ಅದು ವೈದ್ಯರ ಕೆಲಸ. ನೀವು ಒಂದು ವಾರ ಸುಮ್ನೆ ಒಂದು ಪುಸ್ತಕದಲ್ಲಿ ಬರೆದಿಡಿ. ಯಾವ ಗಳಿಗೆ ಭಾರವಾಯಿತು, ಯಾವುದು ಪರವಾಗಿಲ್ಲ ಅನಿಸಿತು. ಅಷ್ಟು ಸಾಕು.

ಇಲ್ಲಿ ಇನ್ನೊಂದು ವಿಷಯ. ಒಡನಾಟ ತಪ್ಪಿಸುವವರೆಲ್ಲ ಒಂದೇ ಕಾರಣಕ್ಕೆ ತಪ್ಪಿಸುವುದಿಲ್ಲ. ಕೆಲವರಿಗೆ ಏಕಾಂತವೇ ಇಷ್ಟ. ಅವರಿಗೆ ಏನೂ ಆಗಿಲ್ಲ, ಅವರನ್ನು ಸರಿಮಾಡಲು ಹೋಗಬೇಡಿ. ಕೆಲವರಿಗೆ ಜನ ಬೇಕು, ಆದರೆ ಎಲ್ಲಿ ಅವಮಾನವಾಗುತ್ತೋ ಅನ್ನುವ ಭಯ ಅಡ್ಡ ಬರುತ್ತದೆ. ಆಟಿಸಂ ಇರುವವರಿಗೆ ಬೆಳಕು, ಗದ್ದಲ, ಮಾತಿನ ಒಳಾರ್ಥ ದಣಿವು ತರಬಹುದು. ಖಿನ್ನತೆ ಇದ್ದವರು ಎಲ್ಲದರಿಂದಲೂ ಹಿಂದೆ ಸರಿಯುತ್ತಾರೆ, ಜನರಿಂದ ಮಾತ್ರ ಅಲ್ಲ. ಏಕಾಂತ ಇಷ್ಟಪಡುವವರಿಗೆ ರಾತ್ರಿ ಪಾಳಿಯ ಒಂಟಿ ಕೆಲಸ ಸೊಗಸು. ಜನ ಬೇಕಾಗಿದ್ದೂ ಹೆದರುವವರಿಗೆ ಅದೇ ಕೆಲಸ ಒಂದು ಬಾವಿ ಆಗಬಹುದು.

ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಜನರೆದುರು ಅವಮಾನವಾಗುತ್ತದೆ ಅನ್ನುವ ಈ ಭಯಕ್ಕೆ, ಅಂದರೆ ಸೋಶಿಯಲ್ ಫೋಬಿಯಾಗೆ, ಪ್ರತ್ಯೇಕ ಜಾಗ ಸಿಕ್ಕಿದ್ದು 1980ರಲ್ಲಿ. ಬಹುಪಾಲು ಜನರಲ್ಲಿ ಇದು ಶುರುವಾಗುವುದು 8ರಿಂದ 15 ವಯಸ್ಸಿನೊಳಗೆ. ಇಲ್ಲಿರುವ ತಂದೆ ತಾಯಿಯರು ಇದನ್ನು ಸ್ವಲ್ಪ ಯೋಚಿಸಿ. ನಿಮ್ಮ ಮಗ ಇಪ್ಪತ್ತೆರಡನೇ ವಯಸ್ಸಿಗೆ ಕೆಲಸಕ್ಕೆ ಹೊರಟಾಗ ಉಳಿದವರಿಗೆ ಹತ್ತು ವರ್ಷದ ಮಾತಿನ ಅಭ್ಯಾಸ ಇರುತ್ತದೆ, ಅವನಿಗೆ ಇರುವುದಿಲ್ಲ. ಅದು ಸೋಮಾರಿತನ ಅಲ್ಲ. 'ನಾಲ್ಕು ಜನರ ಜೊತೆ ಬೆರೆತರೆ ಎಲ್ಲ ಸರಿಹೋಗುತ್ತೆ' ಅಂತ ದಯವಿಟ್ಟು ಹೇಳಬೇಡಿ. ಆ ಬೆರೆಯುವುದೇ ಗೊತ್ತಾಗದೆ ಅವನು ಒದ್ದಾಡುತ್ತಿದ್ದಾನೆ.

ನನ್ನ ತಮ್ಮನ ಮೊದಲ ಕೆಲಸ ಯಾಕೆ ಕೆಟ್ಟಿತು ಅನ್ನುವುದಕ್ಕೆ ಉತ್ತರ ನನಗೆ ಒಂದು ಹಳೆಯ ಪ್ರಯೋಗದಲ್ಲಿ ಸಿಕ್ಕಿತು. 1969ರಲ್ಲಿ ರಾಬರ್ಟ್ ಝಾಯಾನ್ಸ್ ಎಂಬ ಮನಶ್ಶಾಸ್ತ್ರಜ್ಞರು ಮತ್ತು ಅವರ ಸಂಗಡಿಗರು ಜಿರಳೆಗಳನ್ನು ಓಡಿಸಿದರು. ನೇರ ದಾರಿಯಲ್ಲಿ ಓಡುವಾಗ, ಪಕ್ಕದಲ್ಲಿ ಬೇರೆ ಜಿರಳೆಗಳು ನೋಡುತ್ತಿದ್ದರೆ ಓಟ ಜೋರಾಯಿತು. ತಿರುವು ಇರುವ ದಾರಿಯಲ್ಲಿ ಅದೇ ಪ್ರೇಕ್ಷಕರಿದ್ದರೆ ಓಟ ನಿಧಾನವಾಯಿತು. ಮನುಷ್ಯರ ಬಗ್ಗೆಯೂ ಅವರು 1965ರಲ್ಲೇ ಇದನ್ನು ಹೇಳಿದ್ದರು. ಚೆನ್ನಾಗಿ ಕಲಿತ ಕೆಲಸ ಬೇರೆಯವರು ಇದ್ದಾಗ ಸುಧಾರಿಸುತ್ತದೆ, ಇನ್ನೂ ಕಲಿಯುತ್ತಿರುವ ಕೆಲಸ ಹದಗೆಡುತ್ತದೆ.

ಹೊಸ ಕೆಲಸಕ್ಕೆ ಸೇರಿದವರನ್ನು ನಾವೆಲ್ಲ ಏನು ಮಾಡುತ್ತೇವೆ? ಮೊದಲ ವಾರವೇ, ಏನೂ ಗೊತ್ತಿಲ್ಲದಾಗಲೇ ಬೆನ್ನ ಹಿಂದೆ ನಿಂತು ನೋಡುತ್ತೇವೆ. ತಮ್ಮನಿಗೆ ಗ್ರಂಥಾಲಯದಲ್ಲಿ ಉಲ್ಟಾ ಆಯಿತು. ಅಲ್ಲಿನ ಹಿರಿಯರೊಬ್ಬರು ಒಂದು ಸಲ ಮಾಡಿ ತೋರಿಸಿ, ಕ್ರಮವನ್ನು ಕಾಗದದ ಮೇಲೆ ಬರೆದುಕೊಟ್ಟು, 'ಸಂಜೆ ಬಂದು ನೋಡ್ತೀನಿ' ಅಂತ ಹೋಗಿಬಿಟ್ಟರು. ಅವನು ಹನ್ನೊಂದು ಪುಸ್ತಕ ಮುಗಿಸಿದ್ದ. ಎರಡರಲ್ಲಿ ತಪ್ಪಿತ್ತು. ಅವರು ಆ ಎರಡಕ್ಕೆ ಚೀಟಿ ಇಟ್ಟು ಹೋದರು. ಅವನು ಆ ಕೆಲಸದಲ್ಲಿ ಉಳಿದುಕೊಂಡಿದ್ದು ಆ ಎರಡು ಚೀಟಿಯಿಂದ ಅಂತ ನಾನು ನಂಬಿದ್ದೇನೆ.

ಇತಿಹಾಸದಿಂದ ಒಬ್ಬರ ಮಾತು ಹೇಳುತ್ತೇನೆ. ಹೆನ್ರಿ ಕ್ಯಾವೆಂಡಿಶ್, ಇಂಗ್ಲೆಂಡಿನ ವಿಜ್ಞಾನಿ. 1766ರಲ್ಲಿ ಹೈಡ್ರೋಜನ್ ಅನ್ನು ಬೇರೆಯೇ ಅನಿಲ ಎಂದು ತೋರಿಸಿದವರು. 1798ರಲ್ಲಿ ಭೂಮಿಯ ಸಾಂದ್ರತೆಯ ಲೆಕ್ಕ ಪ್ರಕಟಿಸಿದರು. ಇಂದಿನ ಲೆಕ್ಕಕ್ಕೂ ಅವರದಕ್ಕೂ ಇರುವ ವ್ಯತ್ಯಾಸ ಶೇಕಡಾ 1ರ ಆಸುಪಾಸು. ಈ ಮನುಷ್ಯ ಮನೆಗೆಲಸದ ಹೆಂಗಸರ ಎದುರಿಗೂ ಬರುತ್ತಿರಲಿಲ್ಲ. ಊಟಕ್ಕೆ ಏನು ಬೇಕು ಅಂತ ಚೀಟಿ ಬರೆದು ಮೇಜಿನ ಮೇಲೆ ಇಡುತ್ತಿದ್ದರು.

ಆದರೂ ವಿಜ್ಞಾನಿಗಳ ಕೂಟದ ಊಟಕ್ಕೆ ತಪ್ಪದೆ ಹೋಗುತ್ತಿದ್ದರು. ಅವರ ಜೊತೆ ಮಾತಾಡುವ ಉಪಾಯ ಅಲ್ಲಿನವರಿಗೆ ಗೊತ್ತಿತ್ತು. ಮುಖ ನೋಡಬಾರದು. ಹತ್ತಿರ ಹೋಗಿ ಗಾಳಿಗೆ ಹೇಳುವ ಹಾಗೆ ವಿಷಯ ಹೇಳಬೇಕು. ಅವರಿಗೆ ಹಿಡಿಸಿದರೆ ಉತ್ತರ ಬರುತ್ತಿತ್ತು. ಅಷ್ಟು ಹೆದರುವ ಮನುಷ್ಯನಿಗೂ ಜನ ಬೇಕಿತ್ತು, ಜನ ತಮ್ಮ ರೀತಿಯನ್ನು ಸ್ವಲ್ಪ ಬದಲಿಸಿಕೊಂಡರು. ಸಹೋದ್ಯೋಗಿಗಳಿಗೆ ನಾನು ಕೇಳುವುದೂ ಇದನ್ನೇ.

ಅವರ ಬದುಕಿಗೆ ಇನ್ನೊಂದು ಮುಖವೂ ಇದೆ. ವಿದ್ಯುತ್ತಿನ ಬಗ್ಗೆ ಅವರು ಮಾಡಿದ ಎಷ್ಟೋ ಪ್ರಯೋಗಗಳನ್ನು ಪ್ರಕಟಿಸಲೇ ಇಲ್ಲ. ಅವರು ತೀರಿಕೊಂಡು ಸುಮಾರು 70 ವರ್ಷಗಳಾದ ಮೇಲೆ, 1879ರಲ್ಲಿ, ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ ಆ ಕಾಗದಗಳನ್ನು ಹೊರತಂದರು. ಆ ಹೊತ್ತಿಗೆ ಅದರಲ್ಲಿದ್ದ ಸಂಗತಿಗಳನ್ನು ಬೇರೆಯವರು ಕಂಡುಹಿಡಿದು ಹೆಸರು ಪಡೆದಿದ್ದರು. ಕ್ಯಾವೆಂಡಿಶ್ ಶ್ರೀಮಂತರು, ಅವರಿಗೆ ನಷ್ಟವಾಗಲಿಲ್ಲ. ನಮ್ಮಂಥವರಿಗೆ ಆಗುತ್ತದೆ. ಕೆಲಸ ಚೆನ್ನಾಗಿ ಮಾಡಿಯೂ ಅದನ್ನು ಯಾರಿಗೂ ತೋರಿಸದೆ ಇರುವುದು ಇಲ್ಲಿರುವ ಎಷ್ಟೋ ಜನರ ಕಷ್ಟ. ಅದಕ್ಕೊಂದು ದಾರಿ ಅಂದರೆ ವಾರಕ್ಕೊಮ್ಮೆ ನಾಲ್ಕು ಸಾಲು ಬರೆದು ಮೇಲಿನವರಿಗೆ ಕಳಿಸುವುದು. ಈ ವಾರ ಏನು ಮುಗಿಸಿದೆ, ಎಲ್ಲಿ ತಡವಾಯಿತು. ಬಾಯಿಂದ ಹೇಳಬೇಕಿಲ್ಲ. ಬಡ್ತಿಯ ಸಮಯದಲ್ಲಿ ಆ ಸಾಲುಗಳೇ ನಿಮ್ಮ ಪರವಾಗಿ ಮಾತಾಡುತ್ತವೆ.

ಸರಿ, ಯಾವ ಕೆಲಸ? ನೀವು ಕಾಯುತ್ತಿರುವುದು ಇದಕ್ಕೇ ಅಂತ ಗೊತ್ತು. ರೆಕಾರ್ಡ್ ರೂಮ್, ಲ್ಯಾಬ್, ಗೋದಾಮಿನ ಸ್ಟಾಕ್ ಲೆಕ್ಕ, ಗಿಡಗಳ ನರ್ಸರಿ, ಯಂತ್ರ ರಿಪೇರಿ, ಹೊಲಿಗೆ, ಮರಗೆಲಸ, ಅಕೌಂಟ್ಸ್, ಸಾಫ್ಟ್‌ವೇರ್ ಟೆಸ್ಟಿಂಗ್, ಪ್ರೂಫ್ ನೋಡುವುದು, ಪ್ರಾಣಿಗಳ ಆರೈಕೆ. ಇವುಗಳಲ್ಲಿ ಕೆಲಸದ ವಸ್ತು ಮಧ್ಯದಲ್ಲಿರುತ್ತದೆ, ಮಾತು ಅದರ ಸುತ್ತ ಇರುತ್ತದೆ. ಅದೇ ದೊಡ್ಡ ಅನುಕೂಲ. ಮಾತಾಡುವಾಗ ಇಬ್ಬರೂ ಯಂತ್ರವನ್ನೋ ಗಿಡವನ್ನೋ ನೋಡುತ್ತೀರಿ, ಮುಖವನ್ನಲ್ಲ. ಬರೀ ಟೈಪ್ ಮಾಡುವ, ಆಡಿಯೋ ಕೇಳಿ ಬರೆಯುವ ಕೆಲಸಗಳನ್ನು ಮಾತ್ರ ನೆಚ್ಚಿಕೊಳ್ಳಬೇಡಿ. ಅವು ಬೇಗ ಯಂತ್ರದ ಪಾಲಾಗುತ್ತಿವೆ. ಯಂತ್ರ ಮಾಡಿದ್ದನ್ನು ಪರೀಕ್ಷಿಸಿ ತಿದ್ದುವ ಪರಿಣತಿ ಇದ್ದರೆ ಬೇರೆ ಮಾತು.

ಮನೆಯಿಂದ ಕೆಲಸ ಒಳ್ಳೆಯದೇ, ಸಂಬಳದ ಕೆಲಸವಾದರೆ. ವಿಡಿಯೋ ಮೀಟಿಂಗ್‌ನಲ್ಲಿ ನಿಮ್ಮ ಮುಖ ನಿಮಗೇ ಕಾಣುವುದನ್ನು ಮರೆಮಾಡುವ ಸೌಲಭ್ಯ ಹಲವು ಆ್ಯಪ್‌ಗಳಲ್ಲಿದೆ, ಅದನ್ನು ಒತ್ತಿಬಿಡಿ. ಮೀಟಿಂಗ್‌ನುದ್ದಕ್ಕೂ ಕನ್ನಡಿ ಎದುರು ಕೂತ ಹಾಗಾಗುವುದು ತಪ್ಪುತ್ತದೆ. ಒಂದು ಎಚ್ಚರಿಕೆ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. 'ಮನೆಯಲ್ಲೇ ಕೂತು ಗಳಿಸಿ, ಮೊದಲು ನೋಂದಣಿ ಹಣ ಕಟ್ಟಿ' ಅನ್ನುವವರಿಗೆ ಬಿಡಿಗಾಸೂ ಕೊಡಬೇಡಿ. ಕೆಲಸ ಕೊಡುವವರು ನಿಮಗೆ ಹಣ ಕೊಡಬೇಕು, ನೀವು ಅವರಿಗಲ್ಲ. ಮೋಸಗಾರರಿಗೆ ನಮ್ಮವರು ಸುಲಭದ ತುತ್ತು, ಯಾಕೆಂದರೆ ನಮ್ಮವರು ಮರುಪ್ರಶ್ನೆ ಕೇಳುವುದಿಲ್ಲ, ಜಗಳ ಮಾಡುವುದಿಲ್ಲ.

ಇನ್ನು ಸಂದರ್ಶನ. ಮಾತೇ ಬೇಕಿಲ್ಲದ ಕೆಲಸಕ್ಕೂ ಮಾತಿನಿಂದಲೇ ಆಳನ್ನು ಆರಿಸುವುದು ನನಗೆ ಇವತ್ತಿಗೂ ನುಂಗಲಾಗದ ತುತ್ತು. ಬಾಯಿಗೆ ಬಂದ ಪ್ರಶ್ನೆ ಕೇಳುವ ಸಂದರ್ಶನಕ್ಕಿಂತ, ಎಲ್ಲರಿಗೂ ಮೊದಲೇ ಗೊತ್ತುಮಾಡಿದ ಒಂದೇ ಪ್ರಶ್ನೆಗಳನ್ನು ಕೇಳುವ ಸಂದರ್ಶನ ಒಳ್ಳೆಯ ಕೆಲಸಗಾರರನ್ನು ಹೆಚ್ಚು ಸರಿಯಾಗಿ ಗುರುತಿಸುತ್ತದೆ ಅಂತ ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ಅರ್ಜಿ ಹಾಕುವವರು ಕೇಳಬಹುದು: 'ಒಂದು ದಿನದ ಕೆಲಸ ಕೊಡಿ, ಮಾಡಿ ತೋರಿಸುತ್ತೇನೆ.' ಎಲ್ಲರೂ ಒಪ್ಪುವುದಿಲ್ಲ. ಒಪ್ಪಿದ ಕಡೆ ಸಾಮಾನ್ಯವಾಗಿ ಕೆಲಸದ ವಾತಾವರಣವೂ ಒಳ್ಳೆಯದಿರುತ್ತದೆ, ಇದು ನನ್ನ ಅನುಭವ.

ಮೊದಲು ಭಯ ಪೂರ್ತಿ ಹೋಗಲಿ, ಆಮೇಲೆ ಕೆಲಸ ಅಂತ ಕಾಯಬೇಕಾ? ಬೇಡ. 1990ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ರಾಬರ್ಟ್ ಡ್ರೇಕ್, ಡೆಬೊರಾ ಬೆಕರ್ ಎಂಬಿಬ್ಬರು ಹಳೆಯ ಕ್ರಮವನ್ನು ತಿರುಗಿಸಿದರು. ಅಲ್ಲಿಯವರೆಗೆ ತೀವ್ರ ಮಾನಸಿಕ ಕಾಯಿಲೆ ಇದ್ದವರಿಗೆ ವರ್ಷಗಟ್ಟಲೆ ತರಬೇತಿ ಕೊಟ್ಟು ಆಮೇಲೆ ಕೆಲಸ ಹುಡುಕುತ್ತಿದ್ದರು. ಇವರು ಮೊದಲು ನಿಜವಾದ ಸಂಬಳದ ಕೆಲಸಕ್ಕೆ ಸೇರಿಸಿ, ಅಲ್ಲೇ ಬೆನ್ನಿಗೆ ನಿಂತು ನೆರವು ಕೊಟ್ಟರು. ಹಲವು ದೇಶಗಳಲ್ಲಿ ಪರೀಕ್ಷಿಸಿದಾಗ ಹಳೆಯ ಕ್ರಮಕ್ಕಿಂತ ಇದರಲ್ಲಿ ಜಾಸ್ತಿ ಜನ ಕೆಲಸಕ್ಕೆ ಸೇರಿದರು. ಕಾಯಿಲೆ ಬೇರೆ ಇರಬಹುದು. ಮೊದಲು ಕೆಲಸ, ಜೊತೆಜೊತೆಗೇ ನೆರವು ಅನ್ನುವ ದಾರಿ ನಮ್ಮವರಿಗೂ ಒಪ್ಪುತ್ತದೆ ಅಂತ ನನ್ನ ನಂಬಿಕೆ.

ಹಾಗಂತ ಪೂರ್ತಿ ತಪ್ಪಿಸಿಕೊಳ್ಳುವ ಕೆಲಸವನ್ನೂ ನಾನು ಸೂಚಿಸುವುದಿಲ್ಲ. ಇವತ್ತು ತಪ್ಪಿಸಿಕೊಂಡರೆ ಇವತ್ತಿಗೆ ಹಾಯೆನಿಸುತ್ತದೆ. ಆ ಹಾಯೇ ನಾಳೆಯ ಭಯಕ್ಕೆ ಗೊಬ್ಬರ. ಮನಸ್ಸಿನ ಚಿಕಿತ್ಸೆಯಲ್ಲಿ ಇದನ್ನೇ ಮೆಟ್ಟಿಲು ಮೆಟ್ಟಿಲಾಗಿ ಬಿಡಿಸುತ್ತಾರೆ, ಔಷಧಿಯೂ ಇದೆ, ಎರಡರಿಂದಲೂ ಬಹಳ ಜನಕ್ಕೆ ಗುಣ ಕಂಡಿದೆ. ದಯವಿಟ್ಟು ಹೋಗಿ ತೋರಿಸಿ. ಕೆಲಸದಲ್ಲಿ ಸಹಿಸಬಲ್ಲಷ್ಟು ಒಡನಾಟ ಇರಲಿ. ನನ್ನ ತಮ್ಮ ಮೊದಲ ದಿನ ಕೌಂಟರ್‌ನಲ್ಲಿ ಕೂತಿದ್ದು ಹತ್ತು ನಿಮಿಷ. ಎರಡು ಗಂಟೆ ಆಗಲು ಒಂದು ವರ್ಷ ಹಿಡಿಯಿತು.

ಕೆಲಸ ಕೊಡುವವರೂ ಇಲ್ಲಿದ್ದೀರಿ. ವಿಶ್ವಸಂಸ್ಥೆ 2006ರಲ್ಲಿ ಒಪ್ಪಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 27ನೇ ವಿಧಿ ಉದ್ಯೋಗದ ಬಗ್ಗೆ ಇದೆ. ಕೆಲಸದ ಜಾಗದಲ್ಲಿ ತಕ್ಕ ಹೊಂದಾಣಿಕೆ ಮಾಡಿಕೊಡಬೇಕು ಅನ್ನುತ್ತದೆ ಅದು. ದೀರ್ಘಕಾಲದ ಮಾನಸಿಕ ತೊಂದರೆಗಳೂ ಆ ಒಡಂಬಡಿಕೆಯ ವ್ಯಾಪ್ತಿಗೆ ಬರುತ್ತವೆ. ನಾನು ಕೇಳುವ ಹೊಂದಾಣಿಕೆಗೆ ಹೆಚ್ಚೇನೂ ಖರ್ಚಿಲ್ಲ. ಬೆನ್ನಿಗೆ ಗೋಡೆ ಇರುವ ಒಂದು ಜಾಗ. ಏನೇ ಅನುಮಾನ ಬಂದರೂ ಕೇಳಲು ಒಬ್ಬರೇ ಗೊತ್ತಾದ ಮನುಷ್ಯ. ಮೀಟಿಂಗ್‌ನಲ್ಲಿ ಏನು ಕೇಳುತ್ತೀರಿ ಅಂತ ಹಿಂದಿನ ದಿನವೇ ಎರಡು ಸಾಲು. ಹುಟ್ಟುಹಬ್ಬದ ದಿನ ಎಬ್ಬಿಸಿ ಮಾತಾಡಿಸದೆ ಇರುವುದು.

ಚೀಟಿಗಳು ಬಂದಿವೆ. ಒಂದನ್ನು ಓದುತ್ತೇನೆ. 'ಎಲ್ಲರೂ ನನ್ನನ್ನೇ ನೋಡುತ್ತಾರೆ ಅನಿಸುತ್ತದೆ. ಹೊಸ ಕಡೆ ಸೇರಿದರೆ ಮೊದಲ ದಿನ ಒಳಗೆ ಹೋಗುವುದು ಹೇಗೆ?'

2000ನೇ ಇಸವಿಯಲ್ಲಿ ಥಾಮಸ್ ಗಿಲೊವಿಚ್ ಮತ್ತು ಸಂಗಡಿಗರು ಪ್ರಕಟಿಸಿದ ಒಂದು ಪ್ರಯೋಗ ಇದೆ. ವಿದ್ಯಾರ್ಥಿಗಳಿಗೆ ಮುಜುಗರ ಆಗುವಂಥ ಚಿತ್ರದ ಟೀ ಶರ್ಟ್ ಹಾಕಿಸಿ, ಜನ ಇರುವ ಕೋಣೆಗೆ ಕಳಿಸಿದರು. ಸುಮಾರು ಅರ್ಧದಷ್ಟು ಜನ ನನ್ನ ಶರ್ಟ್ ಗಮನಿಸಿರುತ್ತಾರೆ ಅಂತ ಅವರ ಅಂದಾಜು. ನಿಜವಾಗಿ ಗಮನಿಸಿದ್ದು ಹೆಚ್ಚುಕಡಿಮೆ ಕಾಲುಭಾಗ. ಇದನ್ನು ಹೇಳಿದ ಮಾತ್ರಕ್ಕೆ ನಿಮ್ಮ ಎದೆಬಡಿತ ಇಳಿಯುವುದಿಲ್ಲ ಅಂತ ನನಗೆ ಗೊತ್ತು. ಅದಕ್ಕೆ ಇದನ್ನೂ ಮಾಡಿ. ಸೇರುವ ಹಿಂದಿನ ದಿನ ಆ ಜಾಗಕ್ಕೆ ಒಮ್ಮೆ ಹೋಗಿ, ಹೊರಗಿನಿಂದ ಬಾಗಿಲು ನೋಡಿ ಬನ್ನಿ. ಮರುದಿನ ಎಲ್ಲರಿಗಿಂತ ಇಪ್ಪತ್ತು ನಿಮಿಷ ಮೊದಲು ಹೋಗಿ. ತುಂಬಿದ ಕೋಣೆಗೆ ಒಬ್ಬರೇ ಕಾಲಿಡುವುದು ಕಷ್ಟ. ನೀವು ಮೊದಲೇ ಕೂತಿದ್ದರೆ ಉಳಿದವರು ಒಬ್ಬೊಬ್ಬರಾಗಿ ಬರುತ್ತಾರೆ.

ಉಳಿದ ಚೀಟಿಗಳಿಗೆ ಬರೆದು ಉತ್ತರಿಸಿ ಬಾಗಿಲ ಪಕ್ಕದ ಹಲಗೆಗೆ ನಾಳೆ ಅಂಟಿಸಿರುತ್ತೇನೆ. ಯಾವಾಗ ಬೇಕಾದರೂ ಬಂದು ಓದಿಕೊಂಡು ಹೋಗಿ. ಇನ್ನು ಅರ್ಧ ಗಂಟೆ ನಾನು ಇಲ್ಲೇ ಇರುತ್ತೇನೆ. ಮಾತಾಡಬೇಕು ಅನಿಸಿದವರು ಬನ್ನಿ. ಹಿಂದಿನ ಬಾಗಿಲೂ ತೆರೆದಿದೆ.